ಗುದ್ದಿ ಓಡಿಹೋದವನಿಗೆ ಶಿಕ್ಷೆ ಏನು, ನಮಗೆ ಸಿಗೋದೇನು

ಹಿರಿಯೂರು ಕಡೆಯ ಅಣ್ಣ ಕೇಳಿದ್ದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಅವರು ಬರೆದಿದ್ದು ಇಷ್ಟು: ಮೊನ್ನೆ ಬೆಳಗಿನ ಜಾವ ಹಿಂಡನ್ನು ಹೈವೇ ದಾಟಿಸುವಾಗ ಗೂಡ್ಸ್ ಗಾಡಿಯೊಂದು ನುಗ್ಗಿತು. ನಾಲ್ಕು ಕುರಿ ಸತ್ತವು, ಹಿಂದೆ ಬರುತ್ತಿದ್ದ ತಮ್ಮನ ಕಾಲು ಮುರಿಯಿತು. ಗಾಡಿ ನಿಲ್ಲಲಿಲ್ಲ, ನಂಬರ್ ಕಾಣಲಿಲ್ಲ. ಹೊಸ ಕಾನೂನಲ್ಲಿ ಇದಕ್ಕೆ ಹತ್ತು ವರ್ಷ ಜೈಲಂತೆ, ನಿಜವಾ?

ಕುರಿ ಕಟ್ಟುವುದಕ್ಕೆ ಮುಂಚೆ ನಾನು ಹನ್ನೊಂದು ವರ್ಷ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಆಕ್ಸಿಡೆಂಟ್ ಕೇಸಿನ ಫೈಲು ಕಟ್ಟುವುದೇ ಕೆಲಸ. ಆ ಅನುಭವದಲ್ಲಿ ಹೇಳ್ತೀನಿ, ಹತ್ತು ವರ್ಷದ ಮಾತು ಬಿಟ್ಟುಬಿಡಿ. ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 106(2). ಅಜಾಗರೂಕತೆಯಿಂದ ಗಾಡಿ ಓಡಿಸಿ ಒಬ್ಬರ ಸಾವಿಗೆ ಕಾರಣವಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದವರಿಗೆ ಅಂತ ಬರೆದದ್ದು. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವು ಕಡೆ ಮುಷ್ಕರ ಮಾಡಿದ್ದು ಇದಕ್ಕೇ. ಆಮೇಲೆ ಸಂಹಿತೆಯನ್ನು 2024ರ ಜುಲೈ 1ಕ್ಕೆ ಜಾರಿಗೆ ತರುವಾಗ ಈ ಒಂದು ಉಪಕಲಂ ಮಾತ್ರ ತಡೆದಿಟ್ಟರು. ಅದು ಜಾರಿಯಲ್ಲಿದ್ದರೂ ನಿಮ್ಮ ಕೇಸಿಗೆ ಬರ್ತಿರಲಿಲ್ಲ. ದೇವರ ದಯೆ, ತಮ್ಮ ಬದುಕಿದ್ದಾನೆ ಅಲ್ವಾ.

ನಿಮಗೆ ಅನ್ವಯ ಆಗೋದು ಬೇರೆ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದರೆ ಕಲಂ 125(ಬಿ), ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಕಲಂ 281, ಆರು ತಿಂಗಳು ಅಥವಾ 1,000 ರೂಪಾಯಿ. ಓಡಿಹೋದದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂ 187: ಆರು ತಿಂಗಳು ಅಥವಾ 5,000 ರೂಪಾಯಿ, ಅದೇ ತಪ್ಪು ಮತ್ತೆ ಮಾಡಿದರೆ ಒಂದು ವರ್ಷ ಅಥವಾ 10,000. ಸಾವು ಆಗಿದ್ದರೆ 106(1), ಐದು ವರ್ಷದವರೆಗೆ. ಹಳೆಯ ಐಪಿಸಿ 304-ಎ ಕಲಮಿನಲ್ಲಿ ಎರಡೇ ವರ್ಷ ಇತ್ತು. ಇವೆಲ್ಲ ಬೇಲ್ ಸಿಗುವ ಕಲಂಗಳೇ. ಸಿಕ್ಕಿಬಿದ್ದವನು ಅವತ್ತೇ ಮನೆಗೆ ಹೋದ ಅಂದ್ರೆ ಠಾಣೆಯವರು ಬಿಟ್ಟುಕಳಿಸಿದರು ಅಂದುಕೊಳ್ಳಬೇಡಿ.

ಕೆಳಗೆ ಒಬ್ಬರು, 'ನಾನಾಗಿದ್ರೂ ಓಡ್ತಿದ್ದೆ, ನಿಂತ್ರೆ ಜನ ಸಾಯಿಸ್ತಾರೆ' ಅಂತ ಬರೆದಿದ್ದಾರೆ. ನಮ್ಮಲ್ಲೂ ಟ್ರಾಕ್ಟರ್, ಪಿಕಪ್ ಓಡಿಸೋರು ಇದ್ದಾರಲ್ಲ, ಅವರಿಗಾಗಿ ಹೇಳ್ತೀನಿ. ಆ ಭಯ ಸುಳ್ಳಲ್ಲ. ಕಾಯ್ದೆ ಬರೆದವರಿಗೂ ಗೊತ್ತಿತ್ತು. ಮೋಟಾರು ವಾಹನ ಕಾಯ್ದೆಯ ಕಲಂ 134ರ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಹೊಣೆ, ಆದರೆ ಗುಂಪು ರೊಚ್ಚಿಗೆದ್ದು ಅದು ಆಗದ ಸ್ಥಿತಿ ಇದ್ದರೆ ವಿನಾಯಿತಿ ಇದೆ. ಆಗ ಗಾಡಿ ಮುಂದಕ್ಕೆ ತಂದು, 112ಕ್ಕೆ ಫೋನ್ ಮಾಡಿ, ನೇರ ಹತ್ತಿರದ ಠಾಣೆಗೆ ಹೋಗಿ. ಆದಷ್ಟು ಬೇಗ, ತಡ ಅಂದರೂ 24 ಗಂಟೆ ಒಳಗೆ. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಿ. ಠಾಣೆಗೆ ಹೋದವನಿಗೂ ಗ್ಯಾರೇಜಿಗೆ ಹೋಗಿ ಬಂಪರ್ ಬದಲಿಸಿದವನಿಗೂ ಕೋರ್ಟಿನಲ್ಲಿ ತುಂಬ ವ್ಯತ್ಯಾಸ. ನಾನೇ ಕಣ್ಣಾರೆ ನೋಡಿದ್ದೀನಿ.

ಕುರಿ ಸತ್ತರೆ ಅದು ಆಕ್ಸಿಡೆಂಟೇ ಅಲ್ಲ ಅಂತ ಕೆಲವರು ತಿಳಿದಿದ್ದಾರೆ. ಅದೇ ಕಾಯ್ದೆಯ ಕಲಂ 132 ಒಮ್ಮೆ ಓದಬೇಕು. ಪ್ರಾಣಿಗೆ ಆದ ಅಪಘಾತವೂ ಅದರಲ್ಲಿ ಬರುತ್ತೆ. ಯಾವ ಪ್ರಾಣಿ ಅಂತ ಪಟ್ಟಿಯೇ ಇದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ನಾಯಿ ಇಲ್ಲ! ಹಿಂಡು ಕಾಯೋ ನಾಯಿಗೆ ಆ ಕಲಮಿನಲ್ಲಿ ಜಾಗ ಇಲ್ಲದ್ದು ನನಗೆ ಇವತ್ತಿಗೂ ಸಿಟ್ಟು. ಇನ್ನೊಂದು ವಿಷಯ. ಪ್ರಾಣಿ ಬೆದರುತ್ತೆ ಅಂತ ಅದನ್ನು ನಡೆಸೋರು ಕೇಳಿದರೆ ಚಾಲಕ ಗಾಡಿ ನಿಲ್ಲಿಸಲೇಬೇಕು. ಕೈ ಎತ್ತಿದಾಗ ಹಾರ್ನ್ ಹೊಡೆಯೋರಿಗೆ ಇದನ್ನ ಹೇಳಿ.

ಈಗ ನೀವು ಮಾಡಬೇಕಾದ್ದು. ಗಾಡಿ ಸಿಗುತ್ತಾ ಇಲ್ಲವಾ ಅನ್ನೋದರ ಮೇಲೆ ಎಲ್ಲ ನಿಂತಿದೆ. ನಂಬರ್ ಇಲ್ಲ ಅಂತ ಕೈ ಚೆಲ್ಲಬೇಡಿ. ನಮ್ಮ ಆಫೀಸಿಗೆ ಬಂದ ಒಂದು ಕೇಸಿನಲ್ಲಿ ಸಿಕ್ಕಿದ್ದು ಅಂಗೈ ಅಗಲದ ಬಂಪರ್ ಚೂರು ಮಾತ್ರ. ಅದರ ಮೇಲೆ 'ಶ್ರೀ ಮೈಲಾ' ಅಂತ ಹರಿದ ಸ್ಟಿಕ್ಕರ್, ಹಳದಿ ಅಕ್ಷರ. ಸತ್ತವರ ಅಣ್ಣ ಅದನ್ನು ಟವೆಲ್ಲಿನಲ್ಲಿ ಸುತ್ತಿ ಜೋಪಾನ ಮಾಡಿದ್ದ. ಎಂಟನೇ ದಿನ ಪಕ್ಕದ ತಾಲೂಕಿನ ಶೆಡ್ಡೊಂದರಲ್ಲಿ 'ರಲಿಂಗೇಶ್ವರ ಪ್ರಸನ್ನ' ಅನ್ನೋ ಉಳಿದರ್ಧದ ಜೊತೆ ಗಾಡಿ ಸಿಕ್ಕಿತು. ಹಾಗಾಗಿ ಇವತ್ತೇ ಜಾಗಕ್ಕೆ ಹೋಗಿ. ಲೈಟಿನ ಗಾಜು, ಪ್ಲಾಸ್ಟಿಕ್, ಬಣ್ಣದ ಚಕ್ಕೆ ಏನೇ ಕಂಡರೂ ಇದ್ದಲ್ಲೇ ಫೋಟೋ ತೆಗೆದು ಪೊಲೀಸರನ್ನು ಕರೆಸಿ, ಪಂಚನಾಮೆಯಲ್ಲಿ ಸೇರಿಸಲಿ. ಟೋಲ್, ಬಂಕ್, ಢಾಬಾ ಕ್ಯಾಮೆರಾಗಳ ದೃಶ್ಯ ಜಾಸ್ತಿ ದಿನ ಉಳಿಯಲ್ಲ. ಬೇಗ ತೆಗೆಸಿ ಅಂತ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಆಸ್ಪತ್ರೆಯಲ್ಲಿ ಒಂದು ಮಾತು ಹುಷಾರಾಗಿ ಹೇಳಿ. ಪೊಲೀಸ್ ಸಹವಾಸ ಬೇಡ ಅಂತ ನಮ್ಮ ಜನ 'ಕಾಲು ಜಾರಿ ಬಿದ್ದ' ಅಂದುಬಿಡ್ತಾರೆ. ಡಾಕ್ಟರ್ ಹಾಗೇ ಬರೀತಾರೆ. ಆಮೇಲೆ ಕೇಸು ಅಲ್ಲೇ ಸತ್ತಂಗೆ. ಗಾಡಿ ಗುದ್ದಿ ಓಡಿಹೋಯಿತು ಅಂತಲೇ ಹೇಳಿ, ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ, ಅಂದ್ರೆ ಎಂಎಲ್‌ಸಿ ಮಾಡಿಸಿ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗಿನ ಚಿಕಿತ್ಸೆಗೆ 1.5 ಲಕ್ಷದವರೆಗೆ ನಗದುರಹಿತ ಸೌಲಭ್ಯ ಇದೆ, ಯೋಜನೆಗೆ ಸೇರಿದ ಆಸ್ಪತ್ರೆ ಆಗಿರಬೇಕು. ಆಸ್ಪತ್ರೆಯವರನ್ನು ಇವತ್ತೇ ಕೇಳಿ.

ಗಾಡಿ ಕೊನೆಗೂ ಸಿಗದೆ ಠಾಣೆಯವರು 'ಸಿ' ರಿಪೋರ್ಟ್ (ಆರೋಪಿ ಪತ್ತೆಯಾಗಲಿಲ್ಲ ಅನ್ನೋ ವರದಿ) ಹಾಕಿದರೂ ಕಾಸು ಬರುವ ದಾರಿ ಒಂದಿದೆ. ಮೋಟಾರು ವಾಹನ ಕಾಯ್ದೆಯ ಕಲಂ 161ರ ಪರಿಹಾರ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ರ ಏಪ್ರಿಲ್‌ಗೆ ಮುಂಚೆ ಇದು 25,000 ಮತ್ತು 12,500 ಇತ್ತು. ತಹಶೀಲ್ದಾರ್ ಅಥವಾ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಕಚೇರಿಯಲ್ಲಿ ಅರ್ಜಿ. ಎಫ್ಐಆರ್, ಗಾಯದ ವರದಿ, ತಮ್ಮನ ಗುರುತಿನ ಚೀಟಿ, ಪಾಸ್‌ಬುಕ್ ನಕಲು ಇಡಿ. ಕೌಂಟರಿನಲ್ಲಿ 'ಅಂಥ ಯೋಜನೆ ಗೊತ್ತಿಲ್ಲ' ಅಂದ್ರೂ ಅವರು ಅರ್ಜಿ ತಗೊಳ್ಳೋವರೆಗೂ ಬಿಡಬೇಡಿ. ಗಾಡಿ ಸಿಕ್ಕರೆ ಎಂವಿಸಿ ಕೇಸು, ಅಂದ್ರೆ ಅಪಘಾತ ಪರಿಹಾರದ ಕೇಸು ಹಾಕಿ, ದೊಡ್ಡ ಮೊತ್ತ ಅಲ್ಲೇ ಬರೋದು. ಆರು ತಿಂಗಳ ಗಡುವು ಮರೀಬೇಡಿ. ಆ ದುಡ್ಡು ಬಂದಾಗ ಮೊದಲು ಪಡೆದ 50,000 ಹಿಂದಿರುಗಿಸಬೇಕು.

ಕುರಿಗೆ 161ರಲ್ಲಿ ಏನೂ ಸಿಗಲ್ಲ. ಗಾಡಿ ಸಿಕ್ಕರೆ ಆಸ್ತಿ ನಷ್ಟ ಅಂತ ಅದೇ ಎಂವಿಸಿಯಲ್ಲಿ ಕೇಳಬಹುದು. ಜೊತೆಗೆ ಸತ್ತ ಕುರಿ, ಜಾನುವಾರಿಗೆ ಪರಿಹಾರ ಕೊಡುವ ರಾಜ್ಯದ 'ಅನುಗ್ರಹ' ಯೋಜನೆ ಇದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಎರಡಕ್ಕೂ ಪಶುವೈದ್ಯರ ಮರಣೋತ್ತರ ವರದಿ ಬೇಕು. ನೀವು ಹೂತುಬಿಟ್ಟಿದ್ದೀರಾ, ಇನ್ನೂ ಇದೆಯಾ ಅಂತ ಬರೆದಿಲ್ಲ. ಹೂತಿದ್ದರೂ ಡಾಕ್ಟರಿಗೆ ಫೋನ್ ಮಾಡಿ.

ಎಫ್ಐಆರ್ ನಕಲು ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಅದರಲ್ಲಿ 125(ಬಿ) ಮತ್ತು ಎಂವಿ ಕಾಯ್ದೆಯ 187 ಎರಡೂ ಇವೆಯಾ ನೋಡಿ. ಬರೀ 281 ಹಾಕಿದ್ದರೆ ಹೆಸರು, ವಿಳಾಸ ಮುಚ್ಚಿ ಫೋಟೋ ಇಲ್ಲಿ ಹಾಕಿ, ಸೇರಿಸಲು ಕೊಡುವ ಅರ್ಜಿ ನಾನು ಬರೆದುಕೊಡ್ತೀನಿ.