ಇಟಾಲಿಯನ್‌ನಲ್ಲಿ 'ಸೆ' ಬಂದ ಕಡೆ ಕಂಡಿಷನಲ್ ಹಾಕಬೇಕಾ?

'ಸೆ' ಅಂದರೆ ನಮ್ಮ '-ರೆ' ತಾನೇ, ಮತ್ತೆ ಕಂಡಿಷನಲ್ (ನಮ್ಮ 'ಬರುತ್ತಿದ್ದೆ' ಥರ, ಹೀಗಾಗಿದ್ದರೆ ಹಾಗಾಗುತ್ತಿತ್ತು ಅನ್ನುವ ಕ್ರಿಯಾಪದದ ರೂಪ) ಹಾಕಿ 'ಸೆ ಅವ್ರೇಯ್ ತೆಂಪೊ' (ಟೈಮ್ ಇದ್ದಿದ್ದರೆ) ಅಂತ ಬರೆದರೆ ಯಾಕೆ ತಪ್ಪು ಅಂತ ಕೇಳಿದ್ದೀರಿ.

ತಪ್ಪೇ. ಹೆಸರು ಕಂಡಿಷನಲ್ ಅಂತಿದ್ದರೂ ಅದು ಷರತ್ತಿನ ಕಡೆ ಕೂರುವುದಿಲ್ಲ, ಷರತ್ತು ನಡೆದರೆ ಏನಾಗುತ್ತಿತ್ತು ಅನ್ನುವ ಕಡೆ ಕೂರುತ್ತದೆ. 'ಸೆ ಅವೆಸ್ಸಿ ತೆಂಪೊ, ವೆರ್ರೇಯ್': ಟೈಮ್ ಇದ್ದಿದ್ದರೆ ಬರುತ್ತಿದ್ದೆ. ಇಲ್ಲಿ 'ಅವೆಸ್ಸಿ' ಸಬ್ಜಂಕ್ಟಿವ್, ಅಂದರೆ ನಿಜವಲ್ಲದ್ದನ್ನು ಹೀಗಿದ್ದಿದ್ದರೆ ಅಂತ ಊಹಿಸುವ ರೂಪ, 'ವೆರ್ರೇಯ್' ಮಾತ್ರ ಕಂಡಿಷನಲ್. ಇಟಲಿಯವರೇ ಎಷ್ಟೋ ಜನ 'ಸೆ ಅವ್ರೇಯ್' ಅಂದುಬಿಡುತ್ತಾರೆ, ಶಾಲೆಯಲ್ಲಿ ಬೈಸಿಕೊಳ್ಳುತ್ತಾರೆ. ಆದರೆ 'ಬರುತ್ತಿದ್ದನೋ ಇಲ್ಲವೋ ಗೊತ್ತಿಲ್ಲ' ಅನ್ನುವ ಅರ್ಥದ 'ಸೆ' ಬೇರೆ. ಅಲ್ಲಿ 'ನೊನ್ ಸೊ ಸೆ ವೆರ್ರೆಬ್ಬೆ' ಸರಿಯೇ.

ನನ್ನ ಕೇಳಿದರೆ 'ಸೆ' ಬಿಟ್ಟು ಶುರು ಮಾಡಿ. ದಿನಾ ಕಿವಿಗೆ ಬೀಳುವ ಕಂಡಿಷನಲ್‌ಗೆ 'ಸೆ' ಬೇಕಾಗಿಲ್ಲ. ಅಂಗಡಿಯಲ್ಲಿ 'ವೊಲ್ಯೊ' ಅಂದರೆ 'ನನಗೆ ಬೇಕು' ಅಂತ ಹಟ ಹಿಡಿದ ಹಾಗೆ, 'ವೊರ್ರೇಯ್' ಅಂದರೆ ಮಾತು ಮೆತ್ತಗಾಗುತ್ತದೆ. ದಾರಿ ಕೇಳಲು 'ಪೊತ್ರೆಬ್ಬೆ ಅಯುತಾರ್ಮಿ' (ನನಗೆ ಸ್ವಲ್ಪ ಸಹಾಯ ಮಾಡಬಹುದಾ), ಸ್ನೇಹಿತನಿಗೆ ಬುದ್ಧಿ ಹೇಳಲು 'ದೊವ್ರೆಸ್ತಿ ದೊರ್ಮೀರೆ', ಸ್ವಲ್ಪ ಮಲಗಬಾರದಾ ಅನ್ನೋ ಥರ.

ರೂಪಗಳನ್ನು ಹೊಸದಾಗಿ ಬಾಯಿಪಾಠ ಮಾಡಬೇಡಿ. ಭವಿಷ್ಯತ್ ಕಾಲ ಬರುತ್ತದಲ್ಲ, ಅದರ ಬುಡವೇ ಇದಕ್ಕೂ ಬುಡ. 'ವೆರ್ರೊ' (ಬರುತ್ತೇನೆ) ಗೊತ್ತಿದ್ದರೆ 'ವೆರ್ರೇಯ್', 'ಸರೊ' (ಇರುತ್ತೇನೆ) ಗೊತ್ತಿದ್ದರೆ 'ಸರೇಯ್', 'ಪಾರ್ಲೆರೊ' (ಮಾತಾಡುತ್ತೇನೆ) ಗೊತ್ತಿದ್ದರೆ 'ಪಾರ್ಲೆರೇಯ್'. ಬಾಲ ಮಾತ್ರ ನಾನು, ನೀನು, ಅವನು/ಅವಳು, ನಾವು, ನೀವು, ಅವರು ಅನ್ನುವ ಸಾಲಿನಲ್ಲಿ -ಏಯ್, -ಎಸ್ತಿ, -ಎಬ್ಬೆ, -ಎಮ್ಮೊ, -ಎಸ್ತೆ, -ಎಬ್ಬೆರೊ. ಹುಷಾರಾಗಿರಬೇಕಾದ್ದು ಒಂದೇ ಕಡೆ: 'ಪಾರ್ಲೆರೇಮೊ' ಅಂದರೆ ಮಾತಾಡುತ್ತೇವೆ, 'ಪಾರ್ಲೆರೆಮ್ಮೊ' ಅಂದರೆ (ಷರತ್ತು ನಡೆದಿದ್ದರೆ) ಮಾತಾಡುತ್ತಿದ್ದೆವು. ಒಂದು ಮಕಾರದ ವ್ಯತ್ಯಾಸ. ಇಂಗ್ಲಿಷ್‌ನವರು ಇಲ್ಲಿ ಒದ್ದಾಡುತ್ತಾರೆ, ಒತ್ತಕ್ಷರದಲ್ಲೇ ಬೆಳೆದ ನಮಗೇನು ಕಷ್ಟ.

ಪೇಪರ್ ಓದುವಾಗ ಇನ್ನೊಂದು ಬಳಕೆ ಸಿಗುತ್ತದೆ, ಪಾಠದ ಪುಸ್ತಕಗಳಲ್ಲಿ ಇದು ಬರುವುದು ತೀರಾ ಕೊನೆಗೆ. 'ಇಲ್ ಮಿನಿಸ್ತ್ರೊ ಸರೆಬ್ಬೆ ಅ ಪರೀಜಿ' ಅಂದರೆ ಮಂತ್ರಿ ಪ್ಯಾರಿಸ್‌ನಲ್ಲಿ ಇರುತ್ತಿದ್ದರು ಅಂತಲ್ಲ, ಪ್ಯಾರಿಸ್‌ನಲ್ಲಿದ್ದಾರಂತೆ. ಸುದ್ದಿ ಇನ್ನೂ ಖಚಿತವಾಗಿಲ್ಲ, ನಾವು ಹೊಣೆಯಲ್ಲ ಅಂತ ಪತ್ರಕರ್ತರು ಜಾರಿಕೊಳ್ಳುವ ದಾರಿ ಇದು. ಅಂಥ ಕಡೆ ಷರತ್ತು ಹುಡುಕುತ್ತಾ ಕೂರಬೇಡಿ, ಸುಮ್ನೆ ಕೊನೆಗೊಂದು 'ಅಂತೆ' ಸೇರಿಸಿ ಓದಿಕೊಳ್ಳಿ.