ಬೀಚ್ ಬಾಯ್ಸ್ ಕ್ರಿಸ್ಮಸ್ ಆಲ್ಬಂ: ವಯಸ್ಸಿನ ಮೇಲೆ ತಪ್ಪು ಹಾಕ್ಬೇಡಿ

ಫ್ರೀಮಾಂಟ್‌ನಿಂದ ಬರೆದಿರೋ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಪೂರ್ತಿ ಹಾಕೋಕೆ ಜಾಗ ಸಾಲ್ತಿಲ್ಲ, ಅದಕ್ಕೆ ಬೇರೆಯವರಿಗೂ ವಿಷಯ ಗೊತ್ತಾಗ್ಲಿ ಅಂತ ಮೊದ್ಲು ಅದ್ರ ತಿರುಳು ಹೇಳ್ಬಿಡ್ತೀನಿ. ಡಿಸೆಂಬರ್ ಸಂಚಿಕೆಯಲ್ಲಿ ನಾನು ಅಮೆರಿಕದ ಹಳೇ ಬ್ಯಾಂಡು ಬೀಚ್ ಬಾಯ್ಸ್ ಅವರ 'ಅಲ್ಟಿಮೇಟ್ ಕ್ರಿಸ್ಮಸ್' ಸಿಡಿ ಬಗ್ಗೆ ಬರೀತಾ, ಅದ್ರ ಕೊನೇ ಭಾಗದಲ್ಲಿರೋ, 1977ರಲ್ಲಿ ಬಿಡುಗಡೆನೇ ಆಗದ ಒಂದು ಕ್ರಿಸ್ಮಸ್ ಆಲ್ಬಂಗೆ ಅಂತ ಮಾಡಿದ ಹಾಡುಗಳು ಬಹಳ ನಿರಾಸೆ ಮಾಡ್ತವೆ ಅಂದಿದ್ದೆ. ಅದು ನಿಮಗೆ ಬೇಜಾರಾಗಿದೆ. ನಿಮ್ಮನೇಲಿ ಪ್ರತಿ ವರ್ಷ ಮಗಳು ಕ್ರಿಸ್ಮಸ್ ಮರ ಅಲಂಕಾರ ಮಾಡೋವಾಗ ಇದೇ ಸಿಡಿ ಹಾಕ್ತೀರಂತೆ. ವಯಸ್ಸಾದ ಕಲಾವಿದರು ಹಬ್ಬಕ್ಕೆ ಅಂತ ಖುಷಿಯಾಗಿ ನಾಲ್ಕು ಹಾಡು ಹಾಡಿದ್ರೆ ಅದನ್ನ ತಕ್ಕಡಿಗೆ ಹಾಕಿ ತೂಗ್ಬೇಕಾ, ಹಬ್ಬದ ಹಾಡು ಅಂದ್ರೆ ಎಲ್ಲಾ ಬ್ಯಾಂಡೂ ದುಡ್ಡಿಗೇ ಮಾಡೋದಲ್ವಾ, ಅದೇ ಸಿಡಿಯ ಶುರುವಲ್ಲಿರೋ ಅವರ 1964ರ ಕ್ರಿಸ್ಮಸ್ ಆಲ್ಬಂ ಮಾತ್ರ ಏನು ದೇವರ ಪ್ರಸಾದನಾ ಅಂತ ಕೇಳಿದೀರ. ಕೊನೇಲಿ, ಹಾಗಾದ್ರೆ ನಾವು ಏನು ಕೇಳ್ಬೇಕು ಅದನ್ನಾದ್ರೂ ಹೇಳಿ ಅಂದಿದೀರ.

ನಿಮ್ಮ ಪತ್ರದಲ್ಲಿ ನಂಗೆ ತುಂಬಾ ಹಿಡಿಸಿದ್ದು ಆ ವಯಸ್ಸಿನ ಮಾತು, ಯಾಕಂದ್ರೆ ನಾನು ಹೇಳ್ಬೇಕು ಅಂತಿರೋದೆಲ್ಲಾ ಅಲ್ಲೇ ಇದೆ.

ಲೆಕ್ಕ ಹಾಕಿ ನೋಡೋಣ ಸರ್. 1977ರ ಕೊನೇಲಿ ಬ್ರಯನ್ ವಿಲ್ಸನ್‌ಗೆ 35, ಮೈಕ್ ಲವ್‌ಗೆ 36, ಆಲ್ ಜಾರ್ಡಿನ್‌ಗೆ 35, ಡೆನಿಸ್‌ಗೆ 33, ಎಲ್ಲರಿಗಿಂತ ಚಿಕ್ಕವನು ಕಾರ್ಲ್‌ಗೆ 31. ಒಬ್ಬರೂ ನಲವತ್ತು ದಾಟಿರ್ಲಿಲ್ಲ! ಆದ್ರೂ ಅವರ ಕಾಲ ಮುಗೀತು ಅಂತ ಎಲ್ರೂ ಆಗ್ಲೇ ಮಾತಾಡ್ತಿದ್ರು, ನಮಗೂ ಇವತ್ತು ಆ ಹಾಡು ಕೇಳಿದ್ರೆ ಯಾರೋ ನಿವೃತ್ತರಾದ ಹಿರಿಯರು ಹಾಡ್ತಿದಾರೆ ಅನ್ಸತ್ತೆ. ಇದಕ್ಕೆ ಒಂದು ಕಾರಣ 1974ರ 'ಎಂಡ್‌ಲೆಸ್ ಸಮ್ಮರ್'. ಅದು ಹಳೇ ಹಾಡುಗಳನ್ನ ಒಟ್ಟು ಮಾಡಿದ ಸಂಕಲನ ಅಷ್ಟೇ, ಆದ್ರೆ ಅಮೆರಿಕದಲ್ಲಿ ನಂಬರ್ ಒಂದಕ್ಕೆ ಹೋಯ್ತು, ಆಮೇಲೆ ಸ್ಟೇಡಿಯಂ ತುಂಬಾ ಬಂದ ಜನ ಕೇಳಿದ್ದು ಕಾರು, ಸರ್ಫಿಂಗು, ಬೇಸಿಗೆ ರಜದ ಹಳೇ ಹಾಡುಗಳನ್ನೇ, ಹೊಸದನ್ನ ಕೇಳೋ ತಾಳ್ಮೆ ಯಾರಿಗೂ ಇರ್ಲಿಲ್ಲ. 1977ರ ಏಪ್ರಿಲ್‌ನಲ್ಲಿ ಬ್ರಯನ್ ಬಹುಪಾಲು ಒಬ್ಬನೇ ಕೂತು ಸಿಂಥಸೈಜರ್ ಇಟ್ಕೊಂಡು ಮಾಡಿದ 'ಲವ್ ಯು' ಬಂತು, ವಿಚಿತ್ರವಾದ ಆದ್ರೆ ಜೀವ ಇರೋ ಆಲ್ಬಂ, ಅದು ಮಾರಾಟ ಆಗ್ಲಿಲ್ಲ. ಅದೇ ಆಗಸ್ಟ್‌ನಲ್ಲಿ ಡೆನಿಸ್ ತನ್ನದೇ ಸ್ವಂತ ಆಲ್ಬಂ 'ಪೆಸಿಫಿಕ್ ಓಷನ್ ಬ್ಲೂ' ತಂದ, ಅದು ಈಗ ಕೇಳಿದ್ರೂ ಮೈ ಜುಮ್ಮನ್ನತ್ತೆ. ಶಕ್ತಿ ಖಾಲಿ ಆಗಿದ್ದವರು ಒಂದೇ ವರ್ಷದಲ್ಲಿ ಇಂಥ ಎರಡು ಕೆಲಸ ಮಾಡೋಕಾಗತ್ತಾ?

ಸರಿ, ಹಾಗಿದ್ರೆ ಅದೇ ವರ್ಷದ ಕ್ರಿಸ್ಮಸ್ ಆಲ್ಬಂ ಯಾಕೆ ಹಾಗಾಯ್ತು? ಆಗಿನ ಪರಿಸ್ಥಿತಿ ಸ್ವಲ್ಪ ಕೇಳಿ. ಆ ವರ್ಷದ ಶುರುವಲ್ಲೇ ಬ್ಯಾಂಡು ಸಿಬಿಎಸ್ ಜೊತೆ ಲಕ್ಷಗಟ್ಟಲೆ ಡಾಲರ್‌ಗೆ ಹೊಸ ಒಪ್ಪಂದ ಮಾಡ್ಕೊಂಡಾಗಿತ್ತು, ಆದ್ರೆ ಹಳೇ ಕಂಪನಿ ರಿಪ್ರೀಸ್‌ಗೆ (ವಾರ್ನರ್ ಅವರದ್ದು) ಇನ್ನೂ ಆಲ್ಬಂ ಕೊಡೋದು ಬಾಕಿ ಇತ್ತು. ಸೆಪ್ಟೆಂಬರ್ ಹೊತ್ತಿಗೆ ಜಗಳ ಜೋರಾಗಿ ಬ್ಯಾಂಡು ಒಡೆಯೋ ಹಂತಕ್ಕೆ ಬಂದಿತ್ತು, ಒಂದು ಕಡೆ ಡೆನಿಸ್ ಮತ್ತೆ ಕಾರ್ಲ್, ಇನ್ನೊಂದು ಕಡೆ ಧ್ಯಾನ ಮಾಡೋ ಮೈಕ್ ಮತ್ತೆ ಆಲ್, ನಡುವೆ ಆರೋಗ್ಯ ಸರಿ ಇಲ್ಲದ ಬ್ರಯನ್. ಅಂಥಾ ಹೊತ್ತಲ್ಲಿ ನವೆಂಬರ್‌ನಲ್ಲಿ ಈ ಕ್ರಿಸ್ಮಸ್ ಆಲ್ಬಂ ಮಾಡೋಕೆ ಅಂತ ಎಲ್ಲಾ ಸಾಮಾನು ಕಟ್ಕೊಂಡು ಹೋಗಿದ್ದು ಅಯೋವಾ ರಾಜ್ಯದ ಫೇರ್‌ಫೀಲ್ಡ್ ಅನ್ನೋ ಸಣ್ಣ ಊರಿಗೆ. ಅಲ್ಲಿ ಪಾರ್ಸನ್ಸ್ ಕಾಲೇಜು ಅಂತ ಇತ್ತು, ಅದು ಮುಚ್ಚಿದ ಮೇಲೆ 1974ರಲ್ಲಿ ಆ ಕ್ಯಾಂಪಸ್ಸಿಗೆ ಬಂದಿದ್ದು ಮಹರ್ಷಿ ಮಹೇಶ್ ಯೋಗಿ ಅವರ ವಿಶ್ವವಿದ್ಯಾಲಯ.

ನಮ್ಮ ಓದುಗರಲ್ಲಿ ಎಷ್ಟೋ ಜನಕ್ಕೆ ಬೀಟಲ್ಸ್ ಹೃಷಿಕೇಶಕ್ಕೆ ಬಂದಿದ್ದು ಗೊತ್ತು, ಆದ್ರೆ 1968ರಲ್ಲಿ ಅದೇ ಆಶ್ರಮದಲ್ಲಿ ಅವರ ಜೊತೆ ಮೈಕ್ ಲವ್ ಕೂಡ ಇದ್ದ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಅವನು ಭಕ್ತಿಯಿಂದ ಹಿಡಿದ ದಾರಿ ಅದು, ಇವತ್ತಿಗೂ ಬಿಟ್ಟಿಲ್ಲ, ಅದ್ರ ಬಗ್ಗೆ ನಂಗೆ ಗೌರವ ಇದೆ. ಅದೇ ವರ್ಷ ಮೇ ತಿಂಗಳಲ್ಲಿ ಮಹರ್ಷಿಗಳನ್ನ ಜೊತೆಗೆ ಕರ್ಕೊಂಡು ಅಮೆರಿಕದಲ್ಲಿ ಟೂರ್ ಹೊರಟ್ರು, ಮೊದ್ಲು ಹಾಡು, ಆಮೇಲೆ ಪ್ರವಚನ, ಜನ ಬರ್ಲಿಲ್ಲ, ಕೆಲವೇ ಷೋ ಆಗಿ ನಿಂತೋಯ್ತು. ಆದ್ರೆ 1977ರ ಅಯೋವಾ ಕಥೆ ಬೇರೆ. ಧ್ಯಾನ ನಂಬಿದವರಿಗೆ ಆ ಜಾಗ ನೆಮ್ಮದಿ, ನಂಬದ ಡೆನಿಸ್‌ಗೆ ಮತ್ತೆ ಕಾರ್ಲ್‌ಗೆ ಅಲ್ಲಿ ಮನಸ್ಸೇ ಇರ್ಲಿಲ್ಲ, ಅವರು ಅಷ್ಟಾಗಿ ಕೆಲಸಕ್ಕೂ ಸೇರ್ಲಿಲ್ಲ. ಮದುವೆ ಮನೇಲಿ ಒಬ್ರಿಗೊಬ್ರು ಮಾತು ಬಿಟ್ಟಿರೋ ಅಣ್ಣತಮ್ಮಂದಿರು ಒಂದೇ ಪಂಕ್ತಿಗೆ ಬಡಿಸೋಕೆ ನಿಂತ ಹಾಗೆ, ಊಟಕ್ಕೆ ಕೂತವರಿಗೆ ಅದು ಗೊತ್ತಾಗೇ ಆಗತ್ತೆ. ಈ ಬ್ಯಾಂಡಿನ ಜೀವ ಇದ್ದಿದ್ದೇ ಐದು ಗಂಟಲು ಸೇರಿ ಒಂದಾಗೋದ್ರಲ್ಲಿ ಅಲ್ವಾ, ಮೂವರು ಒಂದೇ ತಾಯಿ ಮಕ್ಕಳು, ಒಬ್ಬ ಸೋದರತ್ತೆ ಮಗ, ಒಬ್ಬ ಗೆಳೆಯ. ಆ ಸೇರೋದೇ ಇಲ್ದಿದ್ರೆ ಉಳಿಯೋದು ಏನು?

ಇನ್ನು ಹಾಡಿನ ವಿಷ್ಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ ಸರ್, ಯಾಕಂದ್ರೆ ನಾನು ಕಟುವಾಗಿ ಬರೆದಿದ್ದು ಇದಕ್ಕೇ. 'ಮೆಲೆ ಕಲಿಕಿಮಾಕಾ' ಅಂತ ಒಂದು ಹಾಡಿದೆಯಲ್ಲ, ಹವಾಯಿಯಲ್ಲಿ ಕ್ರಿಸ್ಮಸ್ ಮಾಡೋ ಹಾಡು. ವಾರ್ನರ್‌ನವರು ಆಲ್ಬಂ ಬೇಡ ಅಂದ್ಮೇಲೆ ಇವರು ಅದೇ ಟ್ರ್ಯಾಕಿನಿಂದ ಕ್ರಿಸ್ಮಸ್ ಮಾತು ತೆಗೆದು ಸಮುದ್ರತೀರದ ಮಾತು ತುಂಬಿ 'ಕೋನಾ ಕೋಸ್ಟ್' ಅಂತ ಮಾಡಿ 1978ರ 'ಎಂ.ಐ.ಯು. ಆಲ್ಬಂ'ಗೆ ಹಾಕಿದ್ರು, ಆ ಹೆಸರೂ ಮಹರ್ಷಿಗಳ ವಿಶ್ವವಿದ್ಯಾಲಯದ್ದೇ. 'ಬೆಲ್ಸ್ ಆಫ್ ಕ್ರಿಸ್ಮಸ್' ಹೋಗಿ 'ಬೆಲ್ಸ್ ಆಫ್ ಪ್ಯಾರಿಸ್' ಆಯ್ತು, ಇಂಗ್ಲಿಷಲ್ಲಿ ಸುಂದರಿಗೂ 'ಬೆಲ್' ಅಂತಾರೆ, ಹಾಗೆ ಗಂಟೆ ಇದ್ದ ಜಾಗದಲ್ಲಿ ಪ್ಯಾರಿಸ್ಸಿನ ಸುಂದರಿಯರು ಬಂದ್ರು. 'ಕ್ರಿಸ್ಮಸ್ ಟೈಮ್ ಈಸ್ ಹಿಯರ್ ಅಗೇನ್' ಅಂತೂ ಬಡಿ ಹಾಲಿಯ 'ಪೆಗಿ ಸೂ' ಹಾಡಿಗೇ ಹಬ್ಬದ ಮಾತು ಅಂಟಿಸಿದ್ದು. 'ಸಾಂಟಾಸ್ ಗಾಟ್ ಆ್ಯನ್ ಏರ್‌ಪ್ಲೇನ್' 1969ರಿಂದ ಬಿಡುಗಡೆ ಆಗದೆ ಬಿದ್ದಿದ್ದ ಒಂದು ವಿಮಾನದ ಹಾಡಿನ ಮೇಲೆ ಕಟ್ಟಿದ್ದು. ಒಂದು ಹಾಡಿನ ಹಬ್ಬವನ್ನೇ ಕಿತ್ತು ಬೇರೆ ಏನೋ ಇಟ್ರೂ ಆ ಹಾಡಿಗೆ ಏನೂ ನಷ್ಟ ಆಗಲ್ಲ ಅಂದ್ರೆ ಅಲ್ಲಿ ಹಬ್ಬ ಇರ್ಲೇ ಇಲ್ಲ. ನಂಗೆ ನೋವಾಗೋದು ಅದಕ್ಕೆ. ಅಂದಹಾಗೆ ಆ ಎಂ.ಐ.ಯು. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 151ಕ್ಕಿಂತ ಮೇಲೆ ಹೋಗ್ಲೇ ಇಲ್ಲ.

ನೀವು ಇದಕ್ಕೆ ಉತ್ತರ ಮೊದ್ಲೇ ಪತ್ರದಲ್ಲಿ ಬರೆದಿದೀರ, 1963ರ 'ಲಿಟಲ್ ಸೇಂಟ್ ನಿಕ್' ಕೂಡ ಅವರದ್ದೇ 'ಲಿಟಲ್ ಡ್ಯೂಸ್ ಕೂಪ್' ಕಾರಿನ ಹಾಡಿನ ಅಚ್ಚಲ್ಲೇ ಇದೆ ಅಂತ. ಒಳ್ಳೇ ಪಾಯಿಂಟ್, ನಿಜಾನೂ ಹೌದು, ನಡಿಗೆ ಒಂದೇ. ಆದ್ರೆ ನಿಮ್ಮ ಸಿಡಿಯಲ್ಲೇ ಅದ್ರ ಇನ್ನೊಂದು ಆವೃತ್ತಿ ಇದೆ ನೋಡಿ, ಅದ್ರಲ್ಲಿ ಅದೇ ಮಾತನ್ನ 'ಡ್ರೈವ್ ಇನ್' ಅನ್ನೋ ಹಾಡಿನ ಟ್ರ್ಯಾಕಿಗೆ ಹಾಡಿದಾರೆ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ಆಗಿನ ಕಾಲದಲ್ಲಿ ಈ ಎರಡನೇದನ್ನ ಹೊರಗೆ ಬಿಡ್ಲಿಲ್ಲ, ಎಷ್ಟೋ ವರ್ಷ ಪೆಟ್ಟಿಗೆಯಲ್ಲೇ ಇತ್ತು. ಅಂದ್ರೆ ಅವರೂ ಮಾತು ಬದಲಾಯಿಸೋ ಪ್ರಯೋಗ ಮಾಡಿದ್ರು, ಕೂರ್ಲಿಲ್ಲ ಅಂತ ಗೊತ್ತಾದ ತಕ್ಷಣ ಪಕ್ಕಕ್ಕಿಟ್ರು. 1977ರಲ್ಲಿ ಯಾರೂ ಪಕ್ಕಕ್ಕಿಡ್ಲಿಲ್ಲ, ಆ ಕೆಲಸ ಕಂಪನಿಯವರು ಮಾಡ್ಬೇಕಾಯ್ತು.

ದುಡ್ಡಿಗೆ ಮಾಡೋದು ಅನ್ನೋ ಮಾತು ನಾನು ಒಪ್ತೀನಿ. 1964ರ ಆಲ್ಬಮ್ಮೂ ನವೆಂಬರ್ ಮಾರ್ಕೆಟ್ಟಿಗೆ ಅಂತಲೇ ಜೂನ್ ಬಿಸಿಲಲ್ಲಿ ಕೂತು ರೆಕಾರ್ಡ್ ಮಾಡಿದ್ದು, ಬ್ರಯನ್‌ಗೆ 22 ತುಂಬಿದ್ದು ಅದೇ ತಿಂಗಳು. ಆದ್ರೆ ಆ ಹುಡುಗ ಏನು ಮಾಡಿದ ಅಂದ್ರೆ, ಐದು ಹಾಡು ಬ್ಯಾಂಡಿನದ್ದೇ ಇಟ್ಟು, ಉಳಿದ ಏಳು ಹಳೇ ಹಾಡಲ್ಲಿ ಹೆಚ್ಚಿನವಕ್ಕೆ ಡಿಕ್ ರೆನಾಲ್ಡ್ಸ್‌ನ ಕರೆಸಿ ದೊಡ್ಡ ಆರ್ಕೆಸ್ಟ್ರಾಗೆ ಅರೇಂಜ್ ಮಾಡಿಸಿದ. ಯಾರು ಈ ರೆನಾಲ್ಡ್ಸ್? ಫೋರ್ ಫ್ರೆಶ್‌ಮೆನ್ ತಂಡಕ್ಕೆ ಅರೇಂಜ್ ಮಾಡ್ತಿದ್ದವರು, ಬ್ರಯನ್ ಸ್ಕೂಲ್ ದಿನಗಳಲ್ಲಿ ಅದೇ ತಂಡದ ರೆಕಾರ್ಡುಗಳನ್ನ ಕೇಳಿ ಕೇಳಿ ಒಂದೊಂದೇ ದನಿ ಬಿಡಿಸಿ ಹಾರ್ಮನಿ ಕಲಿತಿದ್ದು. ಕಂಪನಿಗೆ ಹಬ್ಬದ ಸರಕು ಬೇಕಿತ್ತು, ಅವನು ಆ ನೆಪದಲ್ಲಿ ತಾನು ಆರಾಧಿಸ್ತಿದ್ದ ಸಂಗೀತದ ಪಕ್ಕ ಹೋಗಿ ನಿಂತ್ಕೊಂಡ. 'ಬ್ಲೂ ಕ್ರಿಸ್ಮಸ್' ಅವನೊಬ್ಬನೇ ಹಾಡಿರೋದು ಕೇಳಿ, ಇಪ್ಪತ್ತೆರಡರ ಹುಡುಗನ ಗಂಟಲಲ್ಲಿ ಅಷ್ಟು ಒಂಟಿತನ ಎಲ್ಲಿಂದ ಬಂತೋ! ಬ್ರಯನ್ 2025ರ ಜೂನ್‌ನಲ್ಲಿ ತೀರ್ಕೊಂಡ ಮೇಲೆ ನಾನು ಹೆಚ್ಚು ಹಾಕಿ ಕೇಳಿದ್ದು ಅವರ ಹೆಸರಾಂತ ಆಲ್ಬಂ 'ಪೆಟ್ ಸೌಂಡ್ಸ್' ಅಲ್ಲ, ಇದನ್ನೇ.

ವಯಸ್ಸಿನ ಮಾತಿಗೆ ಇನ್ನೊಂದು ಸಾಕ್ಷಿ ಕೊಡ್ತೀನಿ, ಅದೂ 1977ರದ್ದೇ. ಬೀಚ್ ಬಾಯ್ಸ್ ಅಯೋವಾಗೆ ಹೋಗೋಕೆ ಎರಡು ತಿಂಗಳ ಮೊದ್ಲು, ಸೆಪ್ಟೆಂಬರ್ 11ಕ್ಕೆ ಇಂಗ್ಲೆಂಡಲ್ಲಿ ಅಮೆರಿಕದ ಹಳೇ ತಲೆಮಾರಿನ ಗಾಯಕ ಬಿಂಗ್ ಕ್ರಾಸ್ಬಿ ತನ್ನ ಕ್ರಿಸ್ಮಸ್ ಟಿವಿ ಕಾರ್ಯಕ್ರಮಕ್ಕೆ ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ಜೊತೆ ಹಾಡಿದ್ರು. ಕ್ರಾಸ್ಬಿಗೆ ಆಗ 74 ವರ್ಷ, ಬೋವಿಗೆ 30. 'ಲಿಟಲ್ ಡ್ರಮ್ಮರ್ ಬಾಯ್' ಹಾಡಿ ಅಂದ್ರೆ ಬೋವಿ ಅದು ನನ್ನ ದನಿಗೆ ಹೊಂದಲ್ಲ ಅಂದ. ಕಾರ್ಯಕ್ರಮದ ಸಂಗೀತದವರು ಅಲ್ಲೇ ಸ್ಟುಡಿಯೋದಲ್ಲಿ ಕೂತು ಒಂದು ಗಂಟೆ ಚಿಲ್ಲರೆ ಸಮಯದಲ್ಲಿ ಬೋವಿಗೆ ಅಂತಲೇ ಬೇರೆ ಮಟ್ಟು ಬರೆದ್ರು, ಮುದುಕರು ಹಳೇ ಹಾಡು ಹಾಡ್ತಾ ಇದ್ರೆ ಹುಡುಗ ಅದ್ರ ಮೇಲೆ ಹೊಸದನ್ನ ಹಾಡೋ ಥರ. ಅಕ್ಟೋಬರ್ 14ಕ್ಕೆ ಕ್ರಾಸ್ಬಿ ತೀರ್ಕೊಂಡ್ರು, ಕಾರ್ಯಕ್ರಮ ಪ್ರಸಾರ ಆಗಿದ್ದು ಆಮೇಲೆ. ಅದೂ ಟಿವಿಗೆ ಅಂತ ದುಡ್ಡು ಕೊಟ್ಟು ಮಾಡಿಸಿದ್ದೇ, ಅವಸರದಲ್ಲೇ ಆಗಿದ್ದು, ಒಬ್ಬರು ಹಾಡಿನ ಬಾಳಿನ ಕೊನೇ ತುದಿಯಲ್ಲಿದ್ರು. ಆದ್ರೂ ಆ ಎರಡು ದನಿ ಒಂದನ್ನೊಂದು ಕೇಳಿಸ್ಕೊಂಡು ಹಾಡ್ತಿವೆ, ಅಷ್ಟು ಸಾಕಾಯ್ತು.

ಹಾಗಂತ ನಿಮ್ಮ ಸಿಡಿಯ ಆ ಭಾಗ ಪೂರ್ತಿ ಬಿಸಾಕಿ ಅಂತ ನಾನು ಖಂಡಿತ ಹೇಳಲ್ಲ. 'ಚೈಲ್ಡ್ ಆಫ್ ವಿಂಟರ್' ಚೆನ್ನಾಗಿದೆ, ಪಾಪ ಅದನ್ನ 1974ರಲ್ಲಿ ಡಿಸೆಂಬರ್ 23ಕ್ಕೆ ಬಿಡುಗಡೆ ಮಾಡಿದ್ರು, ಹಬ್ಬಕ್ಕೆ ಎರಡು ದಿನ ಇದ್ದಾಗ ರೇಡಿಯೋದವರು ಅದನ್ನ ಎಷ್ಟು ಸಲ ಹಾಕಿಯಾರು. ಬ್ರಯನ್ ಬರೆದ 'ವಿಂಟರ್ ಸಿಂಫನಿ'ಯಲ್ಲಿ ನಿಜವಾದ ಚಳಿ ಇದೆ. ಎಲ್ಲಕ್ಕಿಂತ ಮುಖ್ಯ ಡೆನಿಸ್ ಬರೆದು ಹಾಡಿದ 'ಮಾರ್ನಿಂಗ್ ಕ್ರಿಸ್ಮಸ್'. ಗಂಟಲು ಅಷ್ಟೊತ್ತಿಗೆ ಕುಡಿತ, ಸಿಗರೇಟಿಂದ ಒಡೆದಿತ್ತು, ಸ್ವರ ಅಲ್ಲಲ್ಲಿ ಜಾರತ್ತೆ, ಆದ್ರೆ ಅದು ಪ್ರಾರ್ಥನೆ ಥರ ಇದೆ, ಅದಕ್ಕೆ ಸಮುದ್ರತೀರದ ಮಾತು ಹಾಕೋಕೆ ಆಗಲ್ಲ, ಯಾರೂ ಪ್ರಯತ್ನಾನೂ ಮಾಡ್ಲಿಲ್ಲ. ಅದು 1998ರಲ್ಲಿ ಕ್ಯಾಪಿಟಲ್‌ನವರು ಈ ಸಿಡಿ ತರೋವರೆಗೂ ಹೊರಗೇ ಬರ್ಲಿಲ್ಲ, ಡೆನಿಸ್ 1983ರಲ್ಲೇ ಹೋಗ್ಬಿಟ್ಟಿದ್ದ.

ಹಾಗಾಗಿ ಏನು ಕೇಳ್ಬೇಕು ಅಂತ ಕೇಳಿದ್ರಲ್ಲ, ಈ ಸಲ ಮರ ಅಲಂಕಾರ ಮಾಡೋವಾಗ 1964ರ ಹನ್ನೆರಡು ಹಾಡು ಮೊದ್ಲಿಂದ ಕೊನೇವರೆಗೂ ಬಿಡಿ, ಮೆಲೆ ಕಲಿಕಿಮಾಕಾಗೆ ಮಗಳು ಕುಣಿಯೋದಾದ್ರೆ ಅದೂ ಇರ್ಲಿ, ಮಕ್ಕಳ ಕುಣಿತಕ್ಕೆ ನಾನು ಅಡ್ಡ ಬರಲ್ಲ. ಆದ್ರೆ ಕೆಲಸ ಎಲ್ಲಾ ಮುಗಿದ ಮೇಲೆ ಅವಳನ್ನ ಕೂರಿಸ್ಕೊಂಡು 'ಮಾರ್ನಿಂಗ್ ಕ್ರಿಸ್ಮಸ್' ಮತ್ತೆ 'ಬೆಲ್ಸ್ ಆಫ್ ಕ್ರಿಸ್ಮಸ್' ಎರಡೂ ಕೇಳ್ಸಿ, ಯಾವುದು ಇಷ್ಟ ಆಯ್ತು, ಯಾಕೆ ಅಂತ ಅವಳ ಮಾತಲ್ಲೇ ಬರೆದು ಕಳ್ಸಿ. ನನ್ನ ಅಭಿಪ್ರಾಯಕ್ಕೆ ವಿರುದ್ಧ ಇದ್ರೂ ಜನವರಿ ಸಂಚಿಕೆಯ ಓದುಗರ ಪುಟದಲ್ಲಿ ಹಾಕ್ತೀನಿ.

ಸಂಪಾದಕ