ರೈಫಲ್ ಬ್ಯಾರೆಲ್ ಎಷ್ಟು ರೌಂಡಿಗೊಂದ್ಸಲ ಕ್ಲೀನ್ ಮಾಡ್ಬೇಕು?

ಪ್ರತಿ ಸಲ ಹೊಡೆದ ಮೇಲೂ ಕ್ಲೀನ್ ಮಾಡ್ಲೇಬೇಕಾ, ಇಲ್ಲ ಇಷ್ಟು ರೌಂಡಿಗೊಂದ್ಸಲ ಅಂತ ಲೆಕ್ಕ ಇದ್ಯಾ ಅಂತ ಕೇಳಿದೀರ. ಎಲ್ಲ ರೈಫಲ್‌ಗೂ ಹೊಂದೋ ಲೆಕ್ಕ ಯಾವ್ದೂ ಇಲ್ಲ. ಯಾವ ತೋಟಾ ಹಾಕ್ತೀರ, ಗ್ರೂಪ್ (ಒಂದೇ ಗುರಿಗೆ ಹೊಡೆದ ಈಡುಗಳು ಎಷ್ಟು ಹತ್ತಿರ ಹತ್ತಿರ ಬೀಳ್ತವೆ ಅನ್ನೋದು) ಹೆಂಗೆ ಬೀಳ್ತಿದೆ, ಇವೆರಡನ್ನ ನೋಡ್ಕೊಂಡು ಮಾಡೋದು.

ಪಾಯಿಂಟ್ 22 ರಿಮ್‌ಫೈರ್ (ತಳದ ಅಂಚಿಗೆ ಪಿನ್ ಬಡಿದು ಹಾರೋ ಸಣ್ಣ ತೋಟಾ) ಆಗಿದ್ರೆ ಆತುರ ಬೇಡ. ಅದ್ರ ಗುಂಡು ಹೆಚ್ಚಾಗಿ ಬರೀ ಸೀಸ, ಮೇಲೆ ಮೇಣದಂಥ ಲೂಬ್ರಿಕೆಂಟ್ ಸವರಿರ್ತಾರೆ, ಅದು ಬೋರ್ (ಬ್ಯಾರೆಲ್‌ನ ಒಳಗಿನ ತೂತು) ಒಳಗೆ ತೆಳ್ಳಗೆ ಹಿಡ್ಕೊಂಡ್ಮೇಲೇನೇ ಬ್ಯಾರೆಲ್ ಒಂದೇ ಸಮ ಹೊಡೆಯೋದು, ನೀವು ತಿಕ್ಕಿ ತಿಕ್ಕಿ ಫಳಫಳ ಮಾಡಿದ್ರೆ ಮೊದಲ ಒಂದಷ್ಟು ಈಡು ಎಲ್ಲೆಲ್ಲೋ ಹೋಗ್ತವೆ. ನಾನಂತೂ ಗ್ರೂಪ್ ಅಗಲ ಆಗೋವರೆಗೂ ಮುಟ್ಟಲ್ಲ. ಮುಟ್ಟಿದಾಗ ಚೇಂಬರ್ (ತೋಟಾ ಕೂರೋ ಜಾಗ) ಮುಂದೆ ಗಟ್ಟಿಯಾಗಿ ಕಟ್ಕೊಳ್ಳೋ ಮಸಿ ರಿಂಗ್ ಕಡೆ ಜಾಸ್ತಿ ಗಮನ ಕೊಡ್ತೀನಿ.

ಸೆಂಟರ್‌ಫೈರ್‌ನಲ್ಲಿ (ತಳದ ನಡುವೆ ಪಿನ್ ಬಡಿಯೋ ತೋಟಾ) ಮಸಿ ಜೊತೆ ಗುಂಡಿನ ತಾಮ್ರದ ಜಾಕೆಟ್ ಕೂಡ ಬೋರ್‌ಗೆ ಅಂಟ್ಕೊಳತ್ತೆ. ಒಳ್ಳೆ ನುಣುಪಾದ ಬ್ಯಾರೆಲ್ ಕಮ್ಮಿ ಹಿಡಿಯತ್ತೆ, ಒರಟಾಗಿದ್ರೆ ಬೇಗ. ಮಸಿಯನ್ನ ಆಗಾಗ ತೆಗೀರಿ, ತಾಮ್ರನ ಗುರಿ ಕೆಟ್ಟಾಗ ತೆಗೆದ್ರೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಅಮೋನಿಯಾ ಇರೋ ಸಾಲ್ವೆಂಟ್ ಹಾಕಿದ್ರೆ ಪ್ಯಾಚ್ (ಬೋರ್ ಒರೆಸೋ ಬಟ್ಟೆ ತುಂಡು) ನೀಲಿಯಾಗಿ ಬರತ್ತೆ, ಅದು ತಾಮ್ರದ ಗುರುತು. ಆದ್ರೆ ಕಂಚಿನ ಬ್ರಶ್ ಹಾಕಿದ್ರೆ ಆ ಬ್ರಶ್ಶೇ ಕರಗಿ ನೀಲಿ ಬಿಡತ್ತೆ, ಇನ್ನೂ ತಾಮ್ರ ಇದೆ ಅಂದ್ಕೊಂಡು ಗಂಟೆಗಟ್ಲೆ ಉಜ್ಜೋರೂ ಇದಾರೆ, ಪಾಪ! ನೈಲಾನ್ ಬ್ರಶ್ ತಗೊಳ್ಳಿ. ಸಾಲ್ವೆಂಟ್‌ನ ಬಾಟಲ್ ಮೇಲೆ ಬರೆದಿರೋದಕ್ಕಿಂತ ಜಾಸ್ತಿ ಹೊತ್ತು ಒಳಗೆ ಬಿಡ್ಬೇಡಿ, ಕಿಟಕಿ ತೆಗೆದಿಟ್ಕೊಳ್ಳಿ.

ಇಷ್ಟೆಲ್ಲ ನಿಧಾನಕ್ಕೆ ಮಾಡ್ಬೋದು, ಎರಡು ವಿಷಯದಲ್ಲಿ ಮಾತ್ರ ಅವತ್ತೇ ಮಾಡ್ಬೇಕು. ಒಂದು ಕರಿಮದ್ದು (ಬ್ಲ್ಯಾಕ್ ಪೌಡರ್, ಹಳೇ ಕಾಲದ ಮದ್ದು). ಇನ್ನೊಂದು ಹಳೇ ಮಿಲಿಟರಿ ಸ್ಟಾಕ್‌ನ ಕೊರೋಸಿವ್ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚೋ, ತುಕ್ಕು ಹಿಡಿಸೋ ಥರದ ಪುಟ್ಟ ಕ್ಯಾಪ್) ಇರೋ ತೋಟಾ, ಅದರಲ್ಲಿರೋ ಪೊಟ್ಯಾಶಿಯಂ ಕ್ಲೋರೇಟ್ ಉರಿದು ಒಂಥರಾ ಉಪ್ಪು ಉಳ್ಕೊಳತ್ತೆ, ಉಪ್ಪು ಗಾಳಿಯ ತೇವ ಎಳ್ಕೊಂಡು ತುಕ್ಕು ಹಿಡಿಸತ್ತೆ. ಎಣ್ಣೆ ಹಾಕಿದ್ರೆ ಉಪ್ಪು ಕರಗಲ್ಲ ಸ್ವಾಮಿ, ನೀರೇ ಬೇಕು. ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಮಳೇಲಿ ನೆನೆದ ರೈಫಲ್ಲೂ ಹಂಗೇ, ಒಂದು ಗುಂಡು ಹೊಡೀದೇ ಇದ್ರೂ ಅವತ್ತೇ ಒರೆಸಿ ಎಣ್ಣೆ ಹಾಕಿ.

ಇನ್ನು ಕ್ಲೀನ್ ಮಾಡೋ ರೀತಿ. ಬ್ಯಾರೆಲ್ ಹಾಳಾಗೋದಕ್ಕೆ ಕೊಳಕು ಎಷ್ಟು ಕಾರಣಾನೋ ತಪ್ಪಾಗಿ ಕ್ಲೀನಿಂಗ್ ರಾಡ್ ಹಾಕೋದೂ ಅಷ್ಟೇ ಕಾರಣ. ಮೊದಲು ಮ್ಯಾಗಝೀನ್ ತೆಗೆದು ಚೇಂಬರ್ ಖಾಲಿ ಇದ್ಯಾ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಬೋಲ್ಟ್ ಆಕ್ಷನ್ (ಕೈಯಲ್ಲಿ ಬೋಲ್ಟ್ ಎಳೆದು ತೋಟಾ ತುಂಬೋ ರೈಫಲ್) ಆದ್ರೆ ಬೋಲ್ಟ್ ತೆಗೆದು ಬೋರ್ ಗೈಡ್ (ರಾಡ್ ನೇರ ಹೋಗೋ ಹಾಗೆ ಹಿಡಿಯೋ ಕೊಳವೆ) ಹಾಕಿ ಹಿಂದಿನಿಂದ ರಾಡ್ ತಳ್ಳಿ, ತುಂಡು ತುಂಡು ಜೋಡ್ಸೋ ರಾಡ್ ಬೇಡ, ಒಂದೇ ಪೀಸಿನ ಕೋಟಿಂಗ್ ಇರೋದು ತಗೊಳ್ಳಿ. ಮುಂದಿನಿಂದ ಹಾಕಿ ಕ್ರೌನ್ (ಗುಂಡು ಹೊರಬೀಳೋ ಬ್ಯಾರೆಲ್ ತುದಿಯ ಅಂಚು) ಸವೆಸಿದ್ರೆ ಆಮೇಲೆ ಎಷ್ಟು ಕ್ಲೀನ್ ಮಾಡಿದ್ರೂ ಗುರಿ ಸರಿಹೋಗಲ್ಲ, ಕ್ರೌನ್‌ನೇ ಮತ್ತೆ ಕಟ್ ಮಾಡಿಸ್ಬೇಕು.

ಎತ್ತಿಡೋವಾಗ ಒಳಗೆ ತೆಳ್ಳಗೆ ಎಣ್ಣೆ ಸವರಿ, ಮುಂದಿನ ಸಲ ಹೊಡೆಯೋಕೆ ಮುಂಚೆ ಒಣ ಪ್ಯಾಚ್ ಹಾಕಿ ಆ ಎಣ್ಣೆ ತೆಗೀರಿ. ಅಷ್ಟಾದ್ಮೇಲೂ ಮೊದಲ ಈಡು ಸ್ವಲ್ಪ ಆಚೀಚೆ ಬೀಳ್ಬೋದು, ಅದನ್ನ ನೋಡಿ ಸ್ಕೋಪ್ ತಿರುಗಿಸೋಕೆ ಹೋಗ್ಬೇಡಿ.